ಎಕಂಬಾದ ಅಂಗಿಗಳ ಬೆನ್ನಿನ ಬಟ್ಟಿ

ಎಕಂಬಾದ ದೊಡ್ಡವ್ವ ಬೀದರಿನಾಗ ನಮ್ಮ ಮೈಲೂರಿನ ಅಂಗಡಿಗಿ ಬಂದಾಕಿ ನೀರೂ ಕುಡೀಲಿಲ್ಲ, ಕೂಡಲೂ ಇಲ್ಲ. ಬಾಗಲಾ ಮುಂದ ಮಾಡಿ, ನನ್ನ ಕಡಿ ಬೆನ್ನ ಮಾಡಿ ನಿಂತು, ಕುಬಸ ಮ್ಯಾಲ ಎತ್ತಿದ್ಲು. "ನೋಡವ್ವಾ ಟೇಲರಬಾಯಿ, ಹೋದ ವರ್ಷ ಸಮುದ್ರ ನನಗ ಕೊಟ್ಟು ಕಳಿಸಿದ್ದು," ಅಂದ್ಲು.

ಹೆಗಲಿಂದ ಸೊಂಟದ ತನಕ ಕಪ್ಪ ಕಲಿ. ಬೆವರಸಾಲಿ ಎದ್ದು, ಕೆರದು, ಹುಣ್ಣಾಗಿ, ಮಾದು, ಅದರ ಮ್ಯಾಲ ಮತ್ತ ಎದ್ದು ಆದ ಕಲಿ. ನಾನು ದಿನಾ ಟೇಪ್ ಹಿಡಕೊಂಡು ಮಂದಿ ಬೆನ್ನ ಅಳಿಯಾಕಿ. ಅಂಥಾ ಬೆನ್ನ ನೋಡಿದ್ದಿಲ್ಲ. "ಅಯ್ಯ ಯವ್ವಾ, ಇದೇನ ಮಾಡ್ಕೊಂಡಿ?" ಅಂತ ನನಗ ಗೊತ್ತಿಲ್ಲದಂಗ ಬಾಯಿಂದ ಬಂತು.

ಅದು ಬರದ ಕಾಲ. ಔರಾದ ಕಡಿ ಬಾವಿ ತಳ ಕಂಡಿದ್ವು, ಬೋರಿನಾಗ ಬರೇ ಗಾಳಿ ಬರ್ತಿತ್ತು. ಗಂಡಸರು ಮೊದಲಿಂದ ಹೈದರಾಬಾದ, ಪುಣೆ ಅಂತ ದುಡಿಲಿಕ್ಕ ಹೋಗ್ತಿದ್ರು, ಆ ವರ್ಷಗಳಾಗ ಹೆಣ್ಮಕ್ಕಳೂ ಗಂಟು ಕಟ್ಟಿದ್ರು. ದೊಡ್ಡವ್ವ ತನ್ನ ಓಣಿ ಹೆಣ್ಮಕ್ಕಳ ತಂಡ ಕಟ್ಕೊಂಡು ಮುಂಬೈ ಬಾಜೂ, ಸಮುದ್ರದ ದಂಡಿಗಿ, ಬಿಲ್ಡಿಂಗ್ ಕೆಲಸಕ್ಕ ಹೋಗಾಕಿ. ಆ ಕೆಲಸದಾಗ ಹೆಣ್ಮಕ್ಕಳು ಸೀರಿ ಮ್ಯಾಲ ಗಂಡಸರ ಫುಲ್ ತೋಳಿನ ಅಂಗಿ ಹಾಕ್ಕೋತಾರ. ಬಿಸಲಿಗೂ ಆತು, ಸಿಮೆಂಟಿಗೂ ಆತು, ಮಂದಿ ಕಣ್ಣಿಗೂ ಆತು. ಹೋದ ವರ್ಷ ಎಲ್ಲಾರೂ ಟೆರಿಕಾಟ್ ಅಂಗಿ ಹಾಕ್ಕೊಂಡು ಹೋಗಿದ್ರು. ಹರಿಯಂಗಿಲ್ಲ, ಲಗು ಒಣಗ್ತದ, ಇಸ್ತ್ರಿ ಬ್ಯಾಡ. ನಮ್ಮ ಕಡಿ ಯಾರಿಗಿ ಕೇಳಿದ್ರೂ ಟೆರಿಕಾಟೇ ತಗೋ ಅಂತಿದ್ರು.

"ನಮ್ಮ ಬಿಸಲು ಸುಡ್ತದವ್ವಾ, ಆದ್ರ ನೆಳ್ಳಿಗಿ ಬಂದ್ರ ಬಿಡ್ತದ," ಅಂದ್ಲು ದೊಡ್ಡವ್ವ. "ಅಲ್ಲಿದು ನೆಳ್ಳಾಗೂ ಬಿಡಂಗಿಲ್ಲ. ಗಾಳೇ ಹಸಿ ಅದ. ಬಂದ ಬೆವರು ಹೋಗಂಗೇ ಇಲ್ಲ, ಅಂಗಿ ಮೈಗಿ ಅಂಟಕೊಂಡು ಕೂಡ್ತದ. ಬೆನ್ನ ಹುಣ್ಣಾತು, ಸಿಮೆಂಟಿನ ಪುಟ್ಟಿ ಎತ್ತಲಿಕ್ಕ ಆಗ್ಲಿಲ್ಲ, ಕೂಲಿಗಿ ಕರ್ಕೊಂಡು ಹೋದ ಮುಕಾದಮ ವಾಪಸ್ ಅಟ್ಟಿದ. ಈ ಸಲನೂ ಬೆನ್ನ ಕೈ ಕೊಟ್ರ ನಾ ಎಲ್ಲಿಗಿ ಬರ್ಲಿ? ಊರಾಗ ಕುಡಿಲಿಕ್ಕ ನೀರಿಲ್ಲ. ಮೈಗಿ ಅಂಟಲಾರದ ಅಂಗಿ ಹೊಲದು ಕೊಡು. ನನಗೊಬ್ಬಾಕಿಗಿ ಅಲ್ಲ, ತಂಡದವರಿಗಿ ಎಲ್ಲಾರಿಗೂ."

ದೊಡ್ಡವ್ವಗ ನನ್ನ ಅಂಗಡಿ ತೋರ್ಸಿದಾಕಿ ಆ ತಂಡದಾಗಿನ ಒಬ್ಬ ಹುಡುಗಿ, ಎಕಂಬಾಕ್ಕ ಮದಿವಿ ಮಾಡಿ ಕೊಟ್ಟಾಕಿ. ಆಕಿ ನಮ್ಮ ಅಂಗಡ್ಯಾಗ ನನ್ನ ಜೋಡಿ ಕೆಲಸ ಮಾಡೋ ಅಕ್ಕನ ತಂಗಿ. ಅಕ್ಕ ಅಂದ್ರ ನನ್ನ ಒಡಹುಟ್ಟಿದಾಕಿ ಅಲ್ಲ. ಭಾಲ್ಕಿಯಾಕಿ, ನನಗಿಂತ ವಯಸ್ಸಿಲೆ ದೊಡ್ಡಾಕಿ, ಅದಕ್ಕ ಅಕ್ಕ ಅಂತಿದ್ದೆ. ವಾರದಾಗ ಮೈಲೂರಿನಾಗ ನಮ್ಮ ಮನ್ಯಾಗೇ ಇರ್ತಿದ್ಲು, ಐತವಾರಕ್ಕ ಭಾಲ್ಕಿಗಿ ಹೋಗ್ತಿದ್ಲು. ಒಂದೇ ತಾಟಿನಾಗ ಉಂಡೀವಿ. ನನಗ ದಮ್ಮು ಹತ್ತಿದಾಗ ಎದಿ ತಿಕ್ಕಿದಾಕಿ ಆಕಿ. ಇದನ್ನ ಯಾಕ ಹೇಳ್ತೇನಿ ಅಂದ್ರ, ಮುಂದಿನದು ಓದಿದ ಮ್ಯಾಲ ನೀವು "ಹೋಗ್ಲಿ ಬಿಡ್ರಿ, ಕೆಲಸದಾಕಿ" ಅನ್ನಬಾರದು.

ನಮ್ಮ ಅಂಗಡ್ಯಾಗ ಬಟ್ಟಿ ಪರೀಕ್ಷಿ ಮಾಡೋದಕ್ಕ ಒಂದು ಪದ್ಧತಿ ಇತ್ತು. ಬಟ್ಟಿ ಸುತ್ತಿದ ಹೊಸ ಥಾನ ಬಂದ್ರ ನಾನು ಒಂದು ಎಳಿ ಕಿತ್ತು ಕಡ್ಡಿ ಹಚ್ಚತಿದ್ದೆ. ಹತ್ತಿ ಆದ್ರ ಕಾಗದ ಸುಟ್ಟ ವಾಸನಿ, ಬೂದಿ ಬೆರಳಾಗ ಮೆತ್ತಗ ಉದರ್ತದ. ಟೆರಿಲಿನ್ ಇದ್ರ ಕರಗಿ ಸಣ್ಣ ಗುಂಡಾಗಿ ಗಟ್ಟಿ ಕೂಡ್ತದ. ಆಮ್ಯಾಲ ಒಂದು ಹನಿ ನೀರು ಬಿಡ್ತಿದ್ದೆ. ಹತ್ತಿ ಲಗು ಕುಡಿದು ಅಗಲ ಆಗ್ತದ. ಆದ್ರ ದುಕಾನದ ಬಟ್ಟಿಗಿ ಗಂಜಿ ಭಾಳ. ಗಂಜಿ ಇದ್ದಾಗ ನೀರೂ ಸುಳ್ಳ ಹೇಳ್ತದ, ಬೆರಳೂ ಮೋಸ ಹೋಗ್ತಾವ. ಅದಕ್ಕ ಕಡೀ ಪರೀಕ್ಷಿ ಅಕ್ಕನ ಬೆನ್ನ ಮ್ಯಾಲ. ಥಾನಿನ ತುದಿ ಒಂದು ತುಂಡು ಒಗದು, ಗಂಜಿ ತಗದು, ಅದರದೇ ಕುಬಸ ಹೊಲದು ಆಕಿ ದಿನ ಪೂರಾ ಹಾಕ್ಕೋತಿದ್ಲು. ಆಕಿ ಚರ್ಮ ಭಾಳ ನಾಜೂಕು. ಸಾಬೂನು ಬದಲಾದ್ರ ಸಾಕು, ಕೆಂಪ ಏಳ್ತಿತ್ತು. ಸಂಜಿಗಿ ನಾನು "ಬೆನ್ನ ತೋರ್ಸು" ಅಂತಿದ್ದೆ, ಆಕಿ ತಿರುಗಿ ನಿಂದರ್ತಿದ್ಲು. ಬೆನ್ನ ಚೊಕ್ಕ ಇದ್ರ ಕತ್ತರಿ ಹಾಕೋದು, ಕೆಂಪ ಇದ್ರ ಥಾನ ವಾಪಸ್. ಡಾಕ್ಟರಗ ಥರ್ಮಾಮೀಟರ್ ಇದ್ದಂಗ ನನಗ ಆಕಿ ಬೆನ್ನ ಇತ್ತು. ನಾನೇ ಹಾಕ್ಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನ್ನ ಚರ್ಮ ಎಮ್ಮಿ ಚರ್ಮ ರೀ, ಗೋಣಿಚೀಲ ಹಾಕ್ಕೊಂಡ್ರೂ ಏನೂ ಆಗಂಗಿಲ್ಲ.

ದೊಡ್ಡವ್ವನ ಅಂಗಿಗಿ ಮೊದಲು ನಾನು ದಪ್ಪ ಖಾದಿ ತಗೊಂಡೆ. ನಮ್ಮ ಕಡಿ ಬ್ಯಾಸಗ್ಯಾಗ ಅದಕ್ಕಿಂತ ತಂಪ ಬಟ್ಟಿ ಇಲ್ಲ. ಬಿಸಲು ಒಳಗ ಬಿಡಂಗಿಲ್ಲ, ಬೆವರು ಕುಡೀತದ, ಗಾಳಿ ಬಿಟ್ರ ಒಣಗ್ತದ. ಅಕ್ಕ ಹಾಕ್ಕೊಂಡ್ಲು, ಸಂಜಿಗಿ ಬೆನ್ನ ಚೊಕ್ಕ. ನನಗ ಖುಷಿ. ಅಕ್ಕನೇ ತಡದ್ಲು.

"ಇದು ಬೀದರಿನ ಗಾಳಿ ಅದ. ಇಲ್ಲಿ ಏನ ಹಾಕ್ಕೊಂಡ್ರೂ ಒಣಗ್ತದ. ಆಕಿ ಹೇಳಿದ್ದು ಹಸಿ ಗಾಳಿ," ಅಂದ್ಲು.

"ಬರಗಾಲದಾಗ ನಾ ಹಸಿ ಗಾಳಿ ಎಲ್ಲಿಂದ ತರ್ಲಿ? ಸಮುದ್ರ ಇಲ್ಲಿಗಿ ಹರದು ಬರ್ತದೇನು?" ಅಂತ ಸಿಡುಕಿದೆ.

ಆಕಿ ಸೂಜಿಗಿ ದಾರ ಪೋಣಿಸಿದ್ಲು. ಆಮ್ಯಾಲ "ಚಾಚಾನ ಭಟ್ಟಿ," ಅಂದ್ಲು.

ಹಳೇ ಊರಿನಾಗ ಬಟ್ಟಿಗಿ ಬಣ್ಣ ಹಾಕೋ ಒಬ್ಬ ಮುದುಕ ಚಾಚಾ ಇದ್ದ. ತಗಡಿನ ಚಪ್ಪರ, ಗಿಡ್ಡ ಬಾಗಲಾ, ಒಳಗ ಸಾಲಾಗಿ ಕುದಿಯೋ ಹಂಡೇ. ಬರದಾಗೂ ಅವನ ಹಿತ್ತಲ ಬಾವ್ಯಾಗ ಸವಳ ನೀರು ಒಂದೀಟು ಉಳದಿತ್ತು, ಅದನ್ನೇ ತಿರುವಿ ತಿರುವಿ ಬಳಸ್ತಿದ್ದ. ಒಳಗ ಕಾಲಿಟ್ರ ಆವಿ ಮುಖಕ್ಕ ಬಡೀತಿತ್ತು. ನನಗಂತೂ ಆ ಬಣ್ಣದ ಆವಿಗಿ ಬಾಗಲದಾಗೇ ದಮ್ಮು ಹತ್ತಿತು. ಅಕ್ಕ ಒಳಗ ಹೋದ್ಲು.

"ಅರೇ ಬೇಟಿ," ಅಂದ ಚಾಚಾ, "ಮಂದಿ ನನ್ನ ಹತ್ರ ಬಟ್ಟಿ ಕುದಿಸ್ಲಿಕ್ಕ ತರ್ತಾರ. ನೀ ಹೆಣ್ಮಗಳಿಗೇ ಕುದಿಸ್ಲಿಕ್ಕ ತಂದಿ?"

"ನಮಕ್ ಹಾಕಬ್ಯಾಡ್ರಿ ಚಾಚಾ, ಅಷ್ಟೇ," ಅಂದ್ಲು ಅಕ್ಕ ಒಳಗಿಂದ. ಮೂವರೂ ನಕ್ಕೀವಿ.

ಆವಿಯೊಳಗ ಖಾದಿಯ ಬಣ್ಣ ಬಯಲಾತು. ಬೆವರು ಕುಡೀತು, ಕುಡಿದು ಕುಡಿದು ಹಸಿ ಕಂಬಳಿ ಆತು. ಹಿಂಡಿದ್ರ ನೀರು ಬೀಳ್ತಿತ್ತು. ಅಕ್ಕ ಹೊರಗ ಬಂದು ಹೆಗಲು ತಿರುವಿ, "ಯವ್ವಾ, ಎತ್ತಿಗಿ ನೊಗ ಇಟ್ಟಂಗಾತು," ಅಂದ್ಲು. ಬೆನ್ನ ಕೆಂಪ ಆಗಿತ್ತು. ಟೆರಿಕಾಟ್ ಹಾಕಿ ಕಳಿಸಿದ್ರ ಬಟ್ಟಿ ಬೆವರು ಕುಡೀಲೇ ಇಲ್ಲ. ಚರ್ಮಕ್ಕೂ ಬಟ್ಟಿಗೂ ನಡುವ ಬೆವರು ನಿಂತಿತು, ಅಕ್ಕ ಲಗೂನ ಹೊರಗ ಓಡಿ ಬಂದ್ಲು. ಮಲಮಲ್ ಹಾಕಿದಾಗ ಮೊದಲ ಸಲ ಬೆನ್ನ ಚೊಕ್ಕ. ತೆಳುವು, ಎಳಿ ನಡುವ ಸಂದು, ಬೆಳಕಿಗಿ ಹಿಡದ್ರ ಆಚಿಕಡಿ ಕಾಣ್ತಿತ್ತು. ಆದ್ರ ಇಟ್ಟಂಗಿ ಹೊರೋ ಹೆಗಲ ಮ್ಯಾಲ ಮಲಮಲ್ ಎಷ್ಟ ದಿನ ಬಾಳ್ತದ? ನಾನೇ ಒಂದು ಇಟ್ಟಂಗಿ ಹೆಗಲಿಗಿಟ್ಟು ಎಳದೆ, ಪರ್ರ ಅಂತ ಹರೀತು.

ಒಂದೇ ಬಟ್ಟಿಯಾಗ ಎಲ್ಲಾ ಸಿಗಂಗಿಲ್ಲ ಅಂತ ಆವಾಗ ತಿಳೀತು. ಅಂಗಿ ಎರಡು ಬಟ್ಟಿದು ಮಾಡಿದೆ. ಹೆಗಲಿಗಿ, ಮೊಣಕೈ ಕೆಳಗಿನ ತೋಳಿಗಿ ಗಟ್ಟಿ ಹತ್ತಿ. ಬೆನ್ನಿಗಿ, ಬಗಲಿಗಿ ಸಡ್ಲ ನೇಯ್ಗಿಯ ಹತ್ತಿ, ಮಲಮಲ್‍ಗಿಂತ ಒಂದು ಕೈ ದಪ್ಪ, ಆದ್ರ ಬೆಳಕು ಹಾಯೋವಂಥದು. ಬಗಲಾಗ ಒಂದು ಚೌಕ ತುಂಡು ಕೂಡಿಸಿದೆ, ತೋಳು ಎತ್ತಿದ್ರ ಅಂಗಿ ಜಗ್ಗಬಾರದು ಅಂತ. ಬೆನ್ನು ಅಗಲ ಬಿಟ್ಟೆ. ಬಟ್ಟಿ ಮೈಯಿಂದ ದೂರ ನಿಂತ್ರನೇ ಹಸಿ ಗಾಳಿಯಾಗ ಉಪಯೋಗ. ಹೊಲಸು ಕಾಣಬಾರದು ಅಂತ ಹೆಣ್ಮಕ್ಕಳು ಕರೀ ಬಣ್ಣ ಕೇಳಿದ್ರು. ಕರೀದು ಬಿಸಲು ಎಳೀತದ ಅಂತ ಜಗಳಾ ಮಾಡಿ ಬೂದಿ ಬಣ್ಣಕ್ಕ ಒಪ್ಪಿಸಿದೆ.

ನಮೂನಿ ಅಂಗಿ ಹಾಕ್ಕೊಂಡು ದೊಡ್ಡವ್ವನೇ ಭಟ್ಟಿಯೊಳಗ ಹೋಗಿ ಕೂತ್ಲು. ಒಳಗ ಹೋದಾಕಿ ನಗಲಿಕ್ಕ ಸುರು ಮಾಡಿದ್ಲು. "ಇದೇ ಗಾಳಿ! ಇದೇ ಹಾಳ ಗಾಳಿ ನೋಡವ್ವಾ!" ಅಂತ ಒದರಿದ್ಲು. ಹೊರಗ ಬಂದು ತೋಳು ಮ್ಯಾಲ ಎತ್ತಿ ಕೆಳಗ ಬಿಟ್ಟು, "ಬೆನ್ನಿಗಿ ಗಾಳಿ ಬಡೀತದ. ಇದನ್ನೇ ಹೊಲಿ," ಅಂದ್ಲು. ಆ ದಿನ ನಾನು, ಅಕ್ಕ ಇಬ್ಬರೂ ಮಿರ್ಚಿ ಭಜಿ ತಿಂದು ಕುಣಕೋತ ಮನಿಗಿ ಬಂದೀವಿ.

ಆ ಸಡ್ಲ ನೇಯ್ಗಿ ಬಟ್ಟಿ ಸಿಕ್ಕಿದ್ದು ಭಾಲ್ಕಿಯ ಒಂದು ದುಕಾನದಾಗ. ತಂದದ್ದು ಅಕ್ಕ. ಅವರ ಹತ್ರ ಆಗ ಇದ್ದದ್ದು ಒಂದು ತುಂಡು ಮಾತ್ರ. ನಮೂನಿ ಅಂಗಿ ಆಗಿ ಇನ್ನೊಂದು ಅಂಗಿಗಿ ಆಗೋವಷ್ಟು ಉಳೀತು, ಅದನ್ನ ಕಪಾಟಿನ ಮ್ಯಾಲ ಮಡಚಿಟ್ಟೆ. ನಮೂನಿ ಅಂಗಿ ನೋಡಿ ಹೊಲಿಲಿಕ್ಕ ಅಂತ ಅಂಗಡ್ಯಾಗೇ ಇಟ್ಕೊಂಡೆ. ಉಳಿದ ಥಾನ ತರಿಸಿ ಕೊಡ್ತೀನಿ ಅಂತ ದುಕಾನದ ಸಾಹುಕಾರ ಅಕ್ಕನ ಮುಂದ ಹೇಳಿದ್ದ. ಅವ ಇಂದ ನಾಳಿ ಅಂತ ತಡಾ ಮಾಡಿದ. ತಂಡ ಹೊರಡೋ ದಿನ ಹತ್ರ ಬಂತು. ನಾನು ಹೆಗಲು, ತೋಳು, ಎದಿ ಎಲ್ಲಾ ಕತ್ತರಿಸಿ ಜೋಡಿಸಿ ಇಟ್ಟು, ಬೆನ್ನಿಗಾಗಿ ಕಾಯ್ಕೋತ ಕೂತೆ. ಅಂಗಡಿ ಪೂರಾ ಬೆನ್ನಿಲ್ಲದ ಅಂಗಿ ತೂಗ್ತಿದ್ವು.

ಕಡೀಗಿ ಅಕ್ಕ ಥಾನ ಹೊತ್ಕೊಂಡು ಬಂದ್ಲು. ಬೂದಿ ಬಣ್ಣ ಅದೇ, ಸಡ್ಲ ನೇಯ್ಗಿ ಅದೇ, ಗಂಜಿ ಜರಾ ಹೆಚ್ಚ. "ಗಂಜಿ ಭಾಳ ಅದಲ್ಲ?" ಅಂದೆ. "ಹೊಸಾ ಮಾಲು, ಇರ್ತದ," ಅಂದ್ಲು. ಎಳಿ ಕಿತ್ತು ಆಕಿನೇ ಕೊಟ್ಲು, ಕಡ್ಡಿ ಹಚ್ಚಿದೆ. ಕಾಗದದ ವಾಸನಿ, ಮೆತ್ತನ ಬೂದಿ. ಆಕಿ ತುಂಡು ಒಗದು, ಕುಬಸ ಹೊಲದು, ಮರುದಿನ ಭಟ್ಟಿಗಿ ಹೋದ್ಲು. ಸಂಜಿ ಮುಂದ ನಾನು ಬಾಯಿತುಂಬ ಗುಂಡಸೂಜಿ ಹಿಡಕೊಂಡು ಕಾಲರಿಗಿ ಗುದ್ದಾಡ್ಲಿಕ್ಕಿದ್ದೆ, ಆಕಿ ಮೈತುಂಬ ಸೆರಗ ಹೊದ್ಕೊಂಡು ಬಾಗಲದಾಗ ತಲಿ ಹಾಕಿದ್ಲು.

"ತಂಪ ಅದ. ಕತ್ತರಿ ಹಾಕು. ನನಗ ಬಸ್ಸಿಗಿ ಹೊತ್ತಾತು, ಭಾಲ್ಕ್ಯಾಗ ಅವ್ವಗ ಆರಾಮಿಲ್ಲ."

ನಾನು ಬಾಯಿಂದ ಗುಂಡಸೂಜಿ ತಗಿಯೋದ್ರಾಗ ಆಕಿ ಓಣಿ ದಾಟಿದ್ಲು. ಆಕಿ ಬಾಯಿ ಹೇಳ್ಯಾದ ಅಂದ್ರ ಆಕಿ ಬೆನ್ನ ಹೇಳಿದಂಗ. ಅಷ್ಟು ವರ್ಷದಾಗ ಎರಡೂ ಬ್ಯಾರೆ ಬ್ಯಾರೆ ಅಂತ ನನಗ ಒಮ್ಮಿನೂ ಅನಿಸಿದ್ದಿಲ್ಲ. ಕತ್ತರಿ ಹಾಕಿದೆ.

ಅಂಗಿ ಆಗ್ತಾ ಆಗ್ತಾ, ಭಾಲ್ಕಿಯಿಂದ ಹೊಳ್ಳಿ ಬಂದ ಅಕ್ಕ ತನ್ನ ತಂಗಿ ಕೈಲೆ ಎಕಂಬಾಕ್ಕ ಮುಟ್ಟಿಸಿದ್ಲು. ಒಗದು ಗಂಜಿ ತಗದೇ ಹಾಕ್ಕೋರಿ ಅಂತ ನಾನು ಹೇಳಿ ಕಳಿಸಿದ್ದೆ. ಹೊರಡೋ ದಿನ ಮುಂಜಾನಿ, ಅಳತಿ ಒಮ್ಮಿ ನೋಡಿ ಬರೋಣ ಅಂತ ಔರಾದ ಬಸ್ ಹಿಡದೆ, ಅಲ್ಲಿಂದ ಎಕಂಬಾ. ಕತ್ತರಿ, ದಾರದ ಉಂಡಿ ಚೀಲದಾಗ ಇದ್ವು. ಟೇಲರ್ ಆದಾಕಿ ಮದಿವಿಗಿ ಹೋದ್ರೂ ಕತ್ತರಿ ಬಿಟ್ಟು ಹೋಗಂಗಿಲ್ಲ.

ದೊಡ್ಡವ್ವನ ಅಂಗಳದಾಗ ಹೆಣ್ಮಕ್ಕಳು ಎಲ್ಲಾ ಕೂಡಿದ್ರು. ಮಧ್ಯಾಹ್ನಕ್ಕ ಲಾರಿ ಬರೋದಿತ್ತು, ಉದಗೀರ ಸ್ಟೇಷನ್ನಿಗಿ ಬಿಡಲಿಕ್ಕ. ಅಕ್ಕನೂ ತಂಗಿಗಿ ಕಳಿಸ್ಲಿಕ್ಕ ಭಾಲ್ಕಿಯಿಂದ ಬಂದು ಕಟ್ಟಿ ಮ್ಯಾಲ ಕೂತಿದ್ಲು. ನನಗ ನೋಡಿ, "ನೀ ಯಾಕ ತ್ರಾಸ ತಗೊಂಡಿ?" ಅಂದ್ಲು. ಆಗ ನನಗ ಅದು ಪ್ರೀತಿ ಮಾತು ಅನಿಸಿತು.

ಹೊಸ ಬಟ್ಟಿಗಿ ಅರಿಷಿಣ ಮುಟ್ಟಿಸಲಾರದ ನಮ್ಮ ಕಡಿ ಯಾರೂ ಮೈಗಿ ಹಾಕ್ಕೊಳ್ಳಂಗಿಲ್ಲ. ದೊಡ್ಡವ್ವ ವಾಟಿಯಾಗ ಅರಿಷಿಣ ನೀರಾಗಿ ಕಲಸಿ, ಒಬ್ಬೊಬ್ಬರ ಅಂಗಿ ಬೆನ್ನಿನ ಅಂಚಿಗಿ ಒಂದೊಂದು ಬೊಟ್ಟು ಇಡ್ಲಿಕ್ಕ ಹತ್ತಿದ್ಲು. ನಾನು ಬಾಜೂ ನಿಂತು ತೋಳು ಕಾಲರ್ ನೋಡ್ಕೋತ ಹೋಗ್ತಿದ್ದೆ. ನೀರಿನ ಹನಿ ನೋಡಿ ನೋಡಿ ಪಳಗಿದ ಕಣ್ಣು ನಂದು. ಬೊಟ್ಟು ಇಟ್ಟಲ್ಲೇ ಕೂತಿತ್ತು. ಅಗಲ ಆಗಲಿಲ್ಲ. ಎರಡನೇದು ಹಂಗೇ, ಮೂರನೇದು ಹಂಗೇ. ಗಂಜಿ ಹೋಗಿಲ್ಲ ಅಂದ್ಕೊಂಡೆ. ಆಮ್ಯಾಲ ಅಕ್ಕನ ತಂಗಿ ಅಂಗಿ ಬಂತು. ಅದರ ಮ್ಯಾಲ ಇಟ್ಟ ಬೊಟ್ಟು ನೋಡನೋಡ್ತಾ ಹರದು ಅಂಗೈ ಅಗಲ ಆತು.

ಎಲ್ಲಾರೂ ಒಂದೇ ದಿನ ಒಗದಾರ. ಒಂದೇ ಥಾನಿನ ಅಂಗಿ. ಆಕಿದೊಂದೇ ಯಾಕ ಕುಡೀತು?

ಆ ಅಂಗಿ ಬೆನ್ನ ಬೆರಳಾಗ ತಿಕ್ಕಿದೆ. ಕಪಾಟಿನ ಮ್ಯಾಲ ನಾ ಮಡಚಿಟ್ಟ ತುಂಡು ಅದು. "ಅದನ್ನ ಗುಂಡಿ ಪಟ್ಟಿಗಿ ಕತ್ತರಿಸಿ ಮುಗಿಸೀನಿ," ಅಂತ ಅಕ್ಕ ಅಂಗಡ್ಯಾಗ ಇದ್ದಾಗ ನನಗ ಹೇಳಿದ್ಲು. ದೊಡ್ಡವ್ವನ ಅಂಗಿ ತಗೊಂಡು ಅಡ್ಡದ ಎಳಿ ಒಂದು ಕಿತ್ತೆ. ಒಲಿಯಿಂದ ಕೊಳ್ಳಿ ತಂದು ಹಿಡದೆ. ಎಳಿ ಸುಡಲಿಲ್ಲ, ಕುಗ್ಗಿ ಕರಗಿ, ಸಾಸವಿ ಕಾಳಿನಂಥ ಕರೀ ಗುಂಡಾತು. ಉದ್ದದ ಎಳಿ ಹತ್ತಿದು, ಅಡ್ಡದ್ದು ಟೆರಿಲಿನ್. ಅಂಗಡ್ಯಾಗ ಆಕಿ ನನ್ನ ಕೈಯಾಗ ಕೊಟ್ಟಿದ್ದು ಬರೇ ಉದ್ದದ ಎಳಿ.

ಕಟ್ಟಿ ಕಡಿ ನೋಡಿದೆ. ಆಕಿ ಎದ್ದು ನಿಂತಿದ್ಲು.

"ಅಕ್ಕಾ, ಇದೇನು?"

"ಏನು? ಒಂದೇ ಬಟ್ಟಿ ಅದ. ಅರಿಷಿಣದಾಗ ನೀರು ಕಡಿಮಿ ಆಗ್ಯಾದ," ಅಂದ್ಲು.

"ಬೆನ್ನ ತೋರ್ಸು."

ಆ ಮಾತು ಎಷ್ಟು ಸಲ ಅಂದೀನೋ ಲೆಕ್ಕ ಇಲ್ಲ. ಅಂದಾಗೆಲ್ಲ ಆಕಿ ತಿರುಗಿ ನಿಂತಾಕಿ. ಆ ದಿನ ಸೆರಗು ಇನ್ನಾ ಬಿಗಿ ಮಾಡ್ಕೊಂಡು ಗ್ವಾಡಿಗಿ ಆತು ನಿಂತ್ಲು. "ಹೆಣ್ಮಕ್ಕಳ ಮುಂದ ಹಿಂಗ ಮಾನ ತಗೀತೇನು?" ಅಂದ್ಲು.

ಆಕಿ ತಂಗಿ ಹೋಗಿ ಸೆರಗು ಹಿಡದು ಸರಿಸಿದ್ಲು. ಕುಬಸದ ಮ್ಯಾಲಿನ ಬೆನ್ನ ಪೂರಾ ಕೆಂಪ, ಕೆಲವು ಕಡಿ ಒಡದು ಹಕ್ಕಳ ಕಟ್ಟಿತ್ತು. ಭಟ್ಟಿಗಿ ಹೋಗಿ ಅಷ್ಟು ದಿನ ಆದ್ರೂ ಮಾದಿದ್ದಿಲ್ಲ. ಬೆನ್ನ ಖರೇ ಹೇಳಿತ್ತು. ಅದನ್ನ ಮುಚ್ಕೊಂಡು ಬಂದು ಆಕಿ ನನಗ ತಂಪ ಅದ ಅಂದಿದ್ಲು.

"ಅಕ್ಕಾ, ನಿನಗ ಗೊತ್ತಿತ್ತು?" ಅಂದ್ಲು ತಂಗಿ. "ಗೊತ್ತಿದ್ದು ನನಗೊಬ್ಬಾಕಿಗೇ ಬ್ಯಾರೆ ಹೊಲದಿ?"

ತಂಗಿ ತನ್ನ ಅಂಗಿ ಮಡಚಿ ದೊಡ್ಡವ್ವನ ಕೈಯಾಗ ಇಟ್ಲು. "ಇದು ನೀನ ಹಾಕ್ಕೋ ದೊಡ್ಡವ್ವಾ. ನಿನ್ನ ಅಂಗಿ ನನಗ ಕೊಡು," ಅಂದ್ಲು. ದೊಡ್ಡವ್ವ ಅಂಗಿ ತಗೊಂಡ್ಲು. ಆಮ್ಯಾಲ ನನ್ನ ಕಡಿ ತಿರುಗಿ, "ಲಾರಿ ಬರ್ತದವ್ವಾ. ಈಗೇನ ಮಾಡೋದು?" ಅಂದ್ಲು.

ಅಳಲಿಕ್ಕ ಬರ್ತಿತ್ತು ನನಗ, ಆದ್ರ ಅಳ್ಕೋತ ಕೂಡೋ ಹೊತ್ತಲ್ಲ ಅದು. ಈ ಅಂಗಿ ಹಾಕ್ಕೊಂಡು ಹೋದ್ರ ಹೋದ ವರ್ಷದ ಬೆನ್ನೇ ಎಲ್ಲಾರಿಗೂ. ಅಂಗಿ ಇಲ್ಲದ ಹೋದ್ರ ಬಿಸಲು, ಸಿಮೆಂಟು. ಲಾರಿ ಬಿಟ್ರ ಮುಕಾದಮ ಬ್ಯಾರೆ ತಂಡ ಕರ್ಕೋತಾನ. ಹೊಸ ಬಟ್ಟಿ ತರಲಿಕ್ಕ ಔರಾದಿಗಿ ಹೋಗಿ ಬರೋವಷ್ಟು ಪುರಸತ್ತಿಲ್ಲ, ತಂದ್ರೂ ಗಂಜಿ ತಗದು ಒಣಗಿಸೋರು ಯಾರು? ಅಂಗಿ ಒಂದು ಕೈಯಾಗ ಹಿಡದು ನೋಡ್ತಾ ನಿಂತೆ. ಹೆಗಲು ಚಲೋ ಇತ್ತು, ತೋಳು ಚಲೋ ಇತ್ತು, ಎದಿ ನಾನೇ ತಂದ ಹತ್ತಿದು. ಕೆಟ್ಟದ್ದು ಬೆನ್ನ, ಬಗಲು ಅಷ್ಟೇ.

ಚೀಲದಿಂದ ಕತ್ತರಿ ತಗದೆ. ನನ್ನ ಕೈಲೆ ಹೊಲದ ಅಂಗಿಯ ಬೆನ್ನ, ಹೊಲಿಗಿ ಬಾಜೂಲೆ ಕರ್ರ ಅಂತ ಕತ್ತರಿಸಿ ನೆಲಕ್ಕ ಒಗದೆ. ಒಬ್ಬಾಕಿ "ಅಯ್ಯಯ್ಯ, ಹೊಸಾ ಅಂಗಿ!" ಅಂತ ಚೀರಿದ್ಲು.

"ಕೌದಿ ಗಂಟು ತರ್ರಿ," ಅಂದೆ. "ಮನಿಮನಿಯಾಗ ಇಟ್ಟೀರಲ್ಲ, ಹಳೇ ನೂಲಿನ ಸೀರಿ, ಧೋತರ. ಎಷ್ಟು ಹಳೇದಿದ್ರ ಅಷ್ಟು ಚಲೋ. ಟೆರಿಲಿನ್ ಒಂದು ಚೂರೂ ಬ್ಯಾಡ."

ಕೌದಿ ಹೊಲಿಲಿಕ್ಕ ಅಂತ ಹಳೇ ಬಟ್ಟಿ ಕೂಡಿಟ್ಟ ಗಂಟು ಇಲ್ಲದ ಮನಿ ನಮ್ಮ ಕಡಿ ಇಲ್ಲ. ವರ್ಷಗಟ್ಲೆ ಉಟ್ಟು, ಒಗದು, ಬಿಸಲಿಗಿ ಒಣಗಿದ ನೂಲಿನ ಸೀರಿ. ಗಂಜಿ ಇಲ್ಲ, ಎಳಿ ಸಡ್ಲ ಬಿದ್ದಾವ, ಮೈಗಿ ಮೆತ್ತಗ. ಹಸಿ ಗಾಳಿಗಿ ಅದಕ್ಕಿಂತ ಚಲೋ ಬಟ್ಟಿ ಯಾವ ದುಕಾನದಾಗೂ ಸಿಗಂಗಿಲ್ಲ. ಹನಿ ನೀರು ಬಿಟ್ಟು ನೋಡಿದೆ, ಬಿಟ್ಟ ಗಳಿಗ್ಯಾಗ ಹೀರ್ತು. ಸವದಲ್ಲಿ ಎರಡು ಪದರು ಮಾಡಿದ್ರ ಹೆಗಲ ಕೆಳಗಿನ ಎಳತಕ್ಕೂ ತಾಳ್ತಿತ್ತು. ನಾನು ಬರೇ ಕತ್ತರಿಸಿ ಕೊಟ್ಟೆ. ಬೆನ್ನಿಗೊಂದು ದೊಡ್ಡ ತುಂಡು, ಬಗಲಿಗಿ ಎರಡು ಚೌಕ. ಹೊಲದವರು ಅವರೇ. ಮಷಿನ್ ಎಲ್ಲಿತ್ತು? ಕೌದಿ ಟಾಕಿ ಎಲ್ಲಾರಿಗೂ ಬರ್ತಿತ್ತು. ಅಂಗಳ ತುಂಬ ಸೂಜಿ ಓಡಿದ್ವು. ಹಸಿರು, ಕೆಂಪ, ಕಡ್ಡಿ ಕಡ್ಡಿ ಅಂಚಿನ ಬೆನ್ನ, ಬೂದಿ ಬಣ್ಣದ ತೋಳು. ಒಬ್ಬಾಕಿ ಹಾಕ್ಕೊಂಡು ತಿರುಗಿ ತೋರ್ಸಿ, "ನಮ್ಮತ್ತಿ ಸೀರಿ ನನ್ನ ಬೆನ್ನ ಏರ್ಯಾದ. ಇದ್ದಾಗ ಇಳೀಲಿಲ್ಲ, ಈಗೂ ಇಳಿಯಂಗಿಲ್ಲ," ಅಂದ್ಲು. ಅಂಥಾದ್ರಾಗೂ ಹೆಣ್ಮಕ್ಕಳು ನಕ್ರು. ನನಗ ನಗಿ ಬರಲಿಲ್ಲ.

ಅಕ್ಕ ಯಾರೂ ಕರೀದೇ ಬಂದು ಒಂದು ಬಾಜೂ ಕೂತು ಸೂಜಿ ಹಿಡದ್ಲು. ಕಡೀಗಿ ತಂಗಿ ಪಾಲಿಗಿ ಬಂದ ಅಂಗಿಗಿ ಬೆನ್ನಿಗಿ ಬಟ್ಟಿ ಸಾಲದಾತು. ಅಕ್ಕ ತಾನು ಉಟ್ಟ ಸೀರಿ ಸೆರಗು ಹಲ್ಲಿಲೆ ಹಿಡದು ಹರದು ನನ್ನ ಮುಂದ ಇಟ್ಲು. ಹಳೇ ಕೈಮಗ್ಗದ ನೂಲು, ಮೆತ್ತಗ. ಬಟ್ಟಿ ಮ್ಯಾಲ ನನಗ ಸಿಟ್ಟಿರಲಿಲ್ಲ. ಅಳತಿ ಮಾಡಿ ಕತ್ತರಿಸಿ, ಆಕಿ ಕೈಯಾಗ ಕೊಡಲಾರದ ತಂಗಿ ಕೈಯಾಗ ಕೊಟ್ಟೆ. ಆಕಿ ಮುಖಾ ನೋಡಲಿಲ್ಲ.

ಲಾರಿ ಬಂತು. ಕೆಲವರ ಬಗಲ ಹೊಲಿಗಿ ಇನ್ನಾ ಅರ್ಧಾ ಇತ್ತು, ಸೂಜಿ ಸಮೇತ ಹತ್ತಿದ್ರು. "ದಾರ ಕಟ್ಟೋದು ಮರೀಬ್ಯಾಡ್ರಿ!" ಅಂತ ಹಿಂದಿಂದ ಒದರಿದೆ. ತಂಗಿ ಅಕ್ಕನ ಕಡಿ ಕೈ ಮಾಡಲಿಲ್ಲ.

ಔರಾದ ಬಸ್‍ಸ್ಟ್ಯಾಂಡಿನಾಗ ನಾವಿಬ್ಬರೇ ಉಳದೀವಿ. ನನಗ ಬೀದರ ಬಸ್, ಆಕಿಗಿ ಭಾಲ್ಕಿ ಬಸ್. ಹರದ ಸೆರಗು ಸೊಂಟಕ್ಕ ಸಿಗಿಸ್ಕೊಂಡು ಕೂತಿದ್ಲು. ನಾನೇ ಕೇಳಿದೆ, "ಯಾಕ ಮಾಡಿದಿ?"

"ಸಾಹುಕಾರ ಆ ಥಾನ ಹೋಗಲಾರದ ಕೂತಿದ್ದ," ಅಂದ್ಲು. "ಇವನ್ನ ಮಾರಿ ಖಪಿಸು, ದುಕಾನದ ಬಾಜೂದ ಮಳಿಗಿ ನಿನಗ ಬಿಡ್ತೀನಿ ಅಂದ. ನಿನ್ನ ಹೆಸರಿನ ಬೋರ್ಡ್ ಹಾಕಿಸ್ತೀನಿ ಅಂದ."

"ಬೋರ್ಡಿಗಾಗಿ?"

ಆಗ ಆಕಿ ನನ್ನ ಕಡಿ ತಿರುಗಿದ್ಲು. "ಬೀದರಿನಾಗ ಮಂದಿ ಏನಂತಾರ? ಟೇಲರಬಾಯಿ ಅಂಗಿ. ಟೇಲರಬಾಯಿ ಬಟ್ಟಿ ಆರಿಸಿದ್ರ ಕಣ್ಣ ಮುಚ್ಚಿ ಹಾಕ್ಕೋಬೇಕು ಅಂತಾರ. ಭಟ್ಟಿ ನೆನಪ ಮಾಡಿದಾಕಿ ಯಾರು? ಒಳಗ ಹೋಗಿ ಬೆಂದಾಕಿ ಯಾರು? ಚರ್ಮ ನಂದು, ಹೆಸರು ನಿಂದು."

"ನನಗ ಹೇಳಬೇಕಿತ್ತು! ಬಾಯಿ ಇರಲಿಲ್ಲೇನು? ನಿನ್ನ ಹೆಸರು ಬರಸು ಅಂದಿದ್ರ ನನ್ನ ಬೋರ್ಡ್ ಇಳಿಸಿ ನಿಂದು ಏರಿಸ್ತಿದ್ದೆ."

"ಈಗ ಅಂತಿ."

"ಹೂಂ, ಈಗ ಅಂತೇನಿ. ನೀ ಕೇಳಿದ್ದಿಲ್ಲ, ನನಗ ಹೊಳದಿದ್ದಿಲ್ಲ. ಅದು ನಮ್ಮಿಬ್ಬರ ಜಗಳಾ, ನನ್ನ ಜೋಡಿ ಆಡಬೇಕಿತ್ತು. ಆ ಹೆಣ್ಮಕ್ಕಳ ಬೆನ್ನ ಯಾಕ ನಡುವ ತಂದಿ? ಅದು ಸುಡ್ತದ ಅಂತ ನಿನಗ ಗೊತ್ತಿತ್ತು. ಗೊತ್ತಿತ್ತು ಅಂತೇ ತಂಗಿಗಿ ಬ್ಯಾರೆ ಹೊಲದಿ."

ಭಾಲ್ಕಿ ಬಸ್ ಮೊದಲು ಬಂತು. ಆಕಿ ಹತ್ತಿ ಖಿಡಕಿ ಬಾಜೂ ಕೂತು ಮುಂದ ನೋಡ್ಕೋತ ಹೋದ್ಲು. ನಾನು ಬಸ್‍ಸ್ಟ್ಯಾಂಡಿನ ಕಂಬಕ್ಕ ಆತು ನಿಂತು, ಮಂದಿ ನೋಡ್ಲಿಕ್ಕಿದ್ರೂ ಬಿಕ್ಕಿ ಬಿಕ್ಕಿ ಅತ್ತೆ. ಒಂದು ಥಾನ ಕೆಟ್ಟದ್ದು ಬಂದಿದ್ರ ಬೈದು ವಾಪಸ್ ಒಗೀತಿದ್ದೆ. ಆಕಿ ಕೆಡತಾಳ ಅಂದ್ರ ನಾ ಏನ ಮಾಡ್ಲಿ, ಆಕಿಗಿ ಪರೀಕ್ಷಿ ಮಾಡೋ ಪದ್ಧತಿ ನನ್ನ ಹತ್ರ ಇದ್ದಿದ್ದಿಲ್ಲ.

ಮಳಿ ಬಿದ್ದ ಮ್ಯಾಲ ತಂಡ ಊರಿಗಿ ಬಂತು. ದೊಡ್ಡವ್ವ ಮೈಲೂರಿಗಿ ಬಂದು, ಹೋದ ಸಲದಂಗೇ ಬಾಗಲಾ ಮುಂದ ಮಾಡಿ, ಬೆನ್ನ ತಿರುವಿ ಕುಬಸ ಎತ್ತಿದ್ಲು. ಹಳೇ ಕಲಿ ಮಾಸಿದ್ವು. ಹೊಸಾದು ಒಂದೂ ಇದ್ದಿಲ್ಲ. "ಎಲ್ಲಾರದೂ ಹಿಂಗೇ ಅದ. ಒಬ್ಬಾಕಿನೂ ವಾಪಸ್ ಬರಲಿಲ್ಲ," ಅಂದ್ಲು. ಬೆನ್ನ ಅಪ್ಪಿಕೊಂಡು ಬಿಟ್ಟೆ ಮುದುಕಿದು. ಹೋಗೋ ಮುಂದ ಬಾಗಲದಾಗ ನಿಂತು, "ಭಾಲ್ಕಿಯಾಕಿ ಬರ್ತಾಳೇನು?" ಅಂತ ಕೇಳಿದ್ಲು. ಇಲ್ಲ ಅಂದೆ. ಭಾಲ್ಕ್ಯಾಗ ಆ ಮಳಿಗಿ ತಗದಾಳ ಅಂತ ಕೇಳೀನಿ, ಬೋರ್ಡ್ ಅದ ಅಂತ. ಆ ಓಣಿಗಿ ನಾ ಹೋಗಿಲ್ಲ.

ಆಮ್ಯಾಲಿಂದ ಅಂಥಾ ಅಂಗಿ ಹೊಲಿಯೋದು ನಿಂದರಲಿಲ್ಲ. ಭಾಲ್ಕಿ ಕಡಿಯಿಂದ, ಔರಾದ ಕಡಿಯಿಂದ ಸಮುದ್ರದ ಬಾಜೂ ಹೋಗೋರು ಕೇಳ್ಕೋತ ಬರ್ತಾರ. ಥಾನ ಬಂದ್ರ ಉದ್ದ ಎಳಿ, ಅಡ್ಡ ಎಳಿ ಎರಡೂ ನಾನೇ ಕೀಳ್ತೇನಿ. ಭಟ್ಟಿಗೂ ನಾನೇ ಹೋಗ್ತೇನಿ, ದಮ್ಮು ಹತ್ತಿದ್ರ ಹತ್ತಲಿ. ಚಾಚಾ ಈಗಿಲ್ಲ, ಅವನ ಮಗ ನಡಸ್ತಾನ. ವಯಸ್ಸಾದಂಗ ಎಮ್ಮಿ ಚರ್ಮನೂ ತೆಳು ಆಗ್ಯಾದ, ಕೆಟ್ಟ ಬಟ್ಟಿ ಹಾಕ್ಕೊಂಡ್ರ ತುರಸ್ತದ. ಎಷ್ಟು ಕೆಂಪ ಆಗ್ಯಾದ ಅಂತ ನೋಡೋರು ಬೇಕಲ್ಲ. ಅಂಗಡ್ಯಾಗಿನ ಹುಡಿಗ್ಯಾರು "ನಾವು ನೋಡ್ತೇವ್ರಿ" ಅಂತಾರ. ಬ್ಯಾಡ್ರವ್ವಾ ಅಂತೇನಿ. ಭಟ್ಟಿ ಬಾಜೂ ಒಂದು ಸಣ್ಣ ಖೋಲಿ ಅದ, ಗ್ವಾಡಿಗಿ ಒಂದು ಕನ್ನಡಿ, ಕೈಯಾಗ ಒಂದು ಸಣ್ಣ ಕನ್ನಡಿ. ಕುಬಸ ಎತ್ತಿ, ಕುತ್ತಿಗಿ ಹೊಳ್ಳಿಸಿ ನೋಡ್ತೇನಿ. ಒಳಗಿನ ಆವಿ ಬಂದು ಕನ್ನಡಿ ಮಬ್ಬ ಆಗ್ತದ. ಸೆರಗಿಲೆ ಒರಸ್ತೇನಿ, ಮತ್ತ ಮಬ್ಬ ಆಗ್ತದ.